ಹಳೇ ಹಾಯಿದೋಣಿ ತಗೊಳ್ಳೋ ಮೊದಲು: ‘ನೋಡಿ ತಗೋ’ ಅನ್ನೋದರ ಇತಿಹಾಸ

ಭಾಗ 1/10 · ಎ ವನ್ ಐತ್ರಿ

ರವಿವಾರ ಪೇಟೆಯಲ್ಲಿ ಯಾವ ಅಂಗಡಿ ಮುಂದೆ ನಿಂತು “ಮಾಲು ಹೆಂಗೈತ್ರಿ?” ಅಂತ ಕೇಳಿದರೂ ಉತ್ತರ ಒಂದೇ: “ಎ ವನ್ ಐತ್ರಿ.” ಬೆಲ್ಲಕ್ಕೂ ಎ ವನ್, ಅಕ್ಕಿಗೂ ಎ ವನ್, ಸೆಕೆಂಡ್ ಹ್ಯಾಂಡ್ ಗಾಡಿಗೂ ಎ ವನ್. ಈ ಮಾತು ಎಲ್ಲಿಂದ ಬಂತು ಗೊತ್ತಾ? ಹಳೇ ಹಡಗುಗಳ ತಪಾಸಣೆಯಿಂದ!

ಅದಕ್ಕೇ ಈ ಸಲದ ಸರಣಿ ಸ್ವಲ್ಪ ವಿಚಿತ್ರ ವಿಷಯದ ಮೇಲೆ: ಒಂದು ಹಳೇ ಹಾಯಿದೋಣಿಯನ್ನು, ಅದರಲ್ಲೂ ಗಾಡಿ ಹಿಂದೆ ಟ್ರೇಲರ್ ಮೇಲೆ ಎಳೆದುಕೊಂಡು ಹೋಗುವಂಥ ಸಣ್ಣ ದೋಣಿಯನ್ನು, ಕೊಳ್ಳುವ ಮೊದಲು ಹೇಗೆ ನೋಡಬೇಕು? ಆ ನೋಡುವ ವಿದ್ಯೆ ಎಲ್ಲಿ ಹುಟ್ಟಿತು?

“ಬೆಳಗಾವಿಯಾಗ ಸಮುದ್ರ ಎಲ್ಲೈತಿ ಮಾರಾಯಾ?” ಅಂತ ಕಮೆಂಟ್ ಹಾಕೋ ಮೊದಲು ಎರಡು ಮಾತು. ಒಂದು, ನಮ್ಮ ಖಾನಾಪುರದ ನೀರು ಈ ಕಥೆಯೊಳಗ ಐತಿ, ಕೊನೆಗೆ ಬರತೈತಿ. ಎರಡು, ದೋಣಿ ತಗೊಳ್ಳದಿದ್ದರೂ ನಾವೆಲ್ಲ ಹಳೇ ಮಾಲು ತಗೊಳ್ಳೋರೇ. ಫೋನು, ಲ್ಯಾಪ್‌ಟಾಪು, ಬೈಕು. ಅಪ್ಪ ಅಮ್ಮ ಕೂಡಿಟ್ಟ ದುಡ್ಡು ಒಂದೇ ಮಧ್ಯಾಹ್ನದಲ್ಲಿ ಕೈ ಬದಲಾಗುತ್ತದೆ. ಆ ಮಧ್ಯಾಹ್ನ ನಾವು ಏನು ನೋಡಿದೆವು, ಏನು ಬಿಟ್ಟೆವು ಅನ್ನೋದರ ಮೇಲೆ ಆಮೇಲಿನ ಎರಡು ವರ್ಷ ನಿಂತಿರುತ್ತದೆ.

ದೋಣಿಯ ವಿಷಯದಲ್ಲಿ ದುಡ್ಡಷ್ಟೇ ಅಲ್ಲ, ಜೀವವೂ ಪಣಕ್ಕಿರುತ್ತದೆ. ಅದಕ್ಕೇ ಮನುಷ್ಯರು ‘ನೋಡಿ ತಗೊಳ್ಳೋ’ ಕಲೆಯನ್ನು ಅಷ್ಟು ಕಷ್ಟಪಟ್ಟು ಬೆಳೆಸಿದ್ದು ದೋಣಿ, ಹಡಗುಗಳ ಸುತ್ತ.

ಭಾಗ 2/10 · ಒಂದು ರಾತ್ರಿ, ಮೂರು ರಾತ್ರಿ, ಐದು ರಾತ್ರಿ

ಆನ್‌ಲೈನ್‌ನಲ್ಲಿ ತಗೊಂಡರೆ ‘7 ದಿನದಲ್ಲಿ ವಾಪಸ್’ ಅಂತ ಇರುತ್ತಲ್ಲ, ಅದು ಹೊಸದು ಅಂದುಕೊಂಡಿದ್ದೀರಾ? ಕೌಟಿಲ್ಯನ ಅರ್ಥಶಾಸ್ತ್ರ ತೆಗೆದು ನೋಡ್ರಿ. ಈ ಗ್ರಂಥದ ಓಲೆಪ್ರತಿಯನ್ನು 1905ರಲ್ಲಿ ಗುರುತಿಸಿದ್ದು ನಮ್ಮ ಮೈಸೂರಿನ ಪ್ರಾಚ್ಯ ಗ್ರಂಥಾಲಯದ ಆರ್. ಶಾಮಾಶಾಸ್ತ್ರಿಗಳು. 1909ರಲ್ಲಿ ಅಚ್ಚು ಮಾಡಿಸಿದರು.

ಅದರಲ್ಲಿ ಕೊಟ್ಟು ತಗೊಂಡ ಮೇಲೆ ವ್ಯವಹಾರ ಮುರಿಯೋಕೆ ಗಡುವು ಇದೆ. ವ್ಯಾಪಾರಿಗಳಿಗೆ ಒಂದು ರಾತ್ರಿ, ರೈತರಿಗೆ ಮೂರು ರಾತ್ರಿ, ದನ ಸಾಕುವವರಿಗೆ ಐದು ರಾತ್ರಿ. ವ್ಯಾಪಾರಿಗೆ ಯಾಕೆ ಒಂದೇ ರಾತ್ರಿ? ಗ್ರಂಥ ಕಾರಣ ಬಿಡಿಸಿ ಹೇಳಲ್ಲ, ಆದರೆ ನನಗನಿಸೋದು ಇಷ್ಟು: ವ್ಯಾಪಾರಿಗೆ ಮಾಲು ನೋಡೋದೇ ಕಸುಬು, ಅವನ ಕಣ್ಣು ಪಳಗಿರುತ್ತದೆ. ದನದ ಗುಣ ಒಂದು ದಿನದಲ್ಲಿ ತಿಳಿಯೋದಿಲ್ಲ, ಹಾಲು ಕರೆದು, ಮೇಯಿಸಿ ನೋಡಬೇಕು.

ಅದೇ ಗ್ರಂಥದಲ್ಲಿ ನಾವಧ್ಯಕ್ಷ ಅನ್ನೋ ಅಧಿಕಾರಿ ಬರುತ್ತಾನೆ, ದೋಣಿ ಹಡಗುಗಳ ಮೇಲ್ವಿಚಾರಕ. ಸಾಕಷ್ಟು ಜನ ಇಲ್ಲದ, ಸಲಕರಣೆ ಇಲ್ಲದ, ಅಥವಾ ರಿಪೇರಿ ಮಾಡದ ದೋಣಿ ಮುಳುಗಿದರೆ ಹೋದ ಮಾಲಿನ ನಷ್ಟವನ್ನು ನಾವಧ್ಯಕ್ಷನೇ ತುಂಬಿಕೊಡಬೇಕು!

ಇದನ್ನು ನೆನಪಿಡ್ರಿ: ದೋಣಿ ಸರಿ ಇದೆಯಾ ಅಂತ ನೋಡದೆ ನೀರಿಗಿಳಿಸಿದವನಿಗೆ ಹೊಣೆ ಕಟ್ಟುವ ಯೋಚನೆ ಅಷ್ಟು ಹಳೆಯದು. ಪ್ರಶ್ನೆ ಇಷ್ಟೇ, ಹೊಣೆ ಯಾರದು? ಮುಂದಿನ ಎರಡು ಸಾವಿರ ವರ್ಷ ಜಗಳ ಇದರ ಮೇಲೇ.

ಭಾಗ 3/10 · ನೂರು ಪೌಂಡಿನ ಕಲ್ಲು

ಬಿಸಿನೆಸ್ ಲಾ ಕ್ಲಾಸಿನಲ್ಲಿ ಎಲ್ಲರೂ ಬಾಯಿಪಾಠ ಮಾಡಿರೋ ಎರಡು ಲ್ಯಾಟಿನ್ ಪದ: ಕೇವಿಯಟ್ ಎಂಪ್ಟರ್. ಕೊಳ್ಳುವವನೇ, ಎಚ್ಚರ. ಇದರ ಹಿಂದಿನ ಕೇಸು ಗೊತ್ತಾದರೆ ಬಾಯಿಪಾಠ ಬೇಕಾಗಲ್ಲ.

1603, ಇಂಗ್ಲೆಂಡ್. ಚಾಂಡೆಲರ್ ಅನ್ನೋ ಅಕ್ಕಸಾಲಿಗ, ಲೋಪಸ್ ಅನ್ನೋ ಗಿರಾಕಿ. ಬೆಜೋರ್ ಅನ್ನೋ ಕಲ್ಲು ವ್ಯಾಪಾರ ಆಯ್ತು, ಬೆಲೆ 100 ಪೌಂಡ್. ಪ್ರಾಣಿಯ ಹೊಟ್ಟೆಯಲ್ಲಿ ಬೆಳೆಯೋ ಆ ಕಲ್ಲಿಗೆ ವಿಷ ಇಳಿಸೋ ಶಕ್ತಿ ಇದೆ ಅಂತ ಆ ಕಾಲದಲ್ಲಿ ನಂಬಿದ್ದರು. ಆಮೇಲೆ ನೋಡಿದರೆ ಅದು ಬೆಜೋರ್ ಅಲ್ಲವೇ ಅಲ್ಲ ಅಂತ ಲೋಪಸ್ ಕೋರ್ಟಿಗೆ ಹೋದ. ಕೋರ್ಟು ಏನಂತು? ಮಾರುವವನು “ಇದು ಬೆಜೋರ್” ಅಂತ ಬರೀ ಹೇಳಿದ್ದಾನೆ, “ಇದಕ್ಕೆ ನಾನು ಗ್ಯಾರಂಟಿ” ಅಂತ ಅಂದಿಲ್ಲ. ಹಾಗಾಗಿ ಲೋಪಸ್‌ಗೆ ಏನೂ ಸಿಗಲ್ಲ.

ಅಂದರೆ ‘ಎ ವನ್ ಐತ್ರಿ’ ಅನ್ನೋದು ಬರೀ ಮಾತು. ಗ್ಯಾರಂಟಿ ಬೇರೆ.

ಈ ತೀರ್ಪು ಬಂದ ಕಾಲದಲ್ಲೇ ಇಂಗ್ಲೆಂಡಿನ ವ್ಯಾಪಾರ ಸಮುದ್ರ ದಾಟಿ ಬೆಳೀತಾ ಇತ್ತು. ಕಲ್ಲಿನಲ್ಲಿ ಮೋಸ ಹೋದರೆ 100 ಪೌಂಡ್ ಹೋಗುತ್ತದೆ. ಹಡಗಿನಲ್ಲಿ ಮೋಸ ಹೋದರೆ? ಮಾಲು, ಜನ, ವಿಮೆ ಕೊಟ್ಟವನ ದುಡ್ಡು, ಎಲ್ಲಾ ಒಟ್ಟಿಗೆ. ಮಾರುವವನ ಮಾತು ನಂಬೋ ಹಾಗಿಲ್ಲ, ಎಲ್ಲಾ ಹಡಗನ್ನೂ ತಾನೇ ಹೋಗಿ ನೋಡೋಕೂ ಆಗಲ್ಲ. ಅಲ್ಲಿ ಮೂರನೆಯವನು ಬೇಕಾದ: ಮಾರೋನೂ ಅಲ್ಲ, ಕೊಳ್ಳೋನೂ ಅಲ್ಲ, ಬರೀ ನೋಡಿ ಹೇಳೋನು.

ಭಾಗ 4/10 · ಕಾಫಿ ಅಂಗಡಿಯ ಪುಸ್ತಕ

ಲಂಡನ್ನಿನಲ್ಲಿ ಎಡ್ವರ್ಡ್ ಲಾಯ್ಡ್ ಅನ್ನುವವನ ಕಾಫಿ ಅಂಗಡಿ ಇತ್ತು. ಹಡಗಿನ ಮಾಲೀಕರು, ವ್ಯಾಪಾರಿಗಳು, ವಿಮೆ ಬರೆಯೋರು ಅಲ್ಲೇ ಸೇರಿ ವ್ಯವಹಾರ ಮಾಡೋರು. ಅವನು ತೀರಿಹೋಗಿ ಎಷ್ಟೋ ವರ್ಷದ ಮೇಲೆ, 1760ರಲ್ಲಿ, ಅಲ್ಲಿನ ಗಿರಾಕಿಗಳೇ ಸೇರಿ ಒಂದು ಸಂಘ ಮಾಡಿದರು. ಹಡಗುಗಳನ್ನು ನೋಡಿಸಿ ಒಂದು ಪುಸ್ತಕದಲ್ಲಿ ಬರೆಯೋದು ಅದರ ಕೆಲಸ. ಇವತ್ತಿಗೂ ಉಳಿದಿರೋ ಅತಿ ಹಳೇ ಪ್ರತಿ 1764ರದು.

ಹಡಗಿನ ಒಡಲಿಗೆ ಎ, ಇ, ಐ, ಓ, ಯು ಅಂತ ದರ್ಜೆ. ಹಗ್ಗ, ಲಂಗರು ಮುಂತಾದ ಸಲಕರಣೆಗೆ ಒಳ್ಳೇದು, ಮಧ್ಯಮ, ಕೆಟ್ಟದ್ದು. ಆಮೇಲೆ ಸಲಕರಣೆಗೆ ಅಂಕಿ ಬಂತು. 1775ರ ಹೊತ್ತಿಗೆ ಒಡಲೂ ಚಲೋ, ಸಲಕರಣೆಯೂ ಚಲೋ ಇರೋ ಹಡಗು ‘ಎ 1’ ಆಯ್ತು. ನಮ್ಮ ಪೇಟೆಯ ಎ ವನ್ ಇದೇ!

ಒಂದು ಜಗಳವೂ ಆಯ್ತು. 1790ರ ದಶಕದ ಕೊನೆಗೆ ಪುಸ್ತಕದವರು ಹಡಗನ್ನು ನೋಡೋದಕ್ಕಿಂತ ಅದಕ್ಕೆ ಎಷ್ಟು ವಯಸ್ಸು, ಎಲ್ಲಿ ಕಟ್ಟಿದ್ದು ಅನ್ನೋದರ ಮೇಲೆ ದರ್ಜೆ ಕೊಡೋಕೆ ಶುರು ಮಾಡಿದರು. ಮಾಲೀಕರಿಗೆ ಸಿಟ್ಟು ಬಂದು 1799ರಲ್ಲಿ ತಮ್ಮದೇ ಬೇರೆ ಪುಸ್ತಕ ತಂದರು. ಎರಡೂ ಒಂದಾಗಿದ್ದು 1834ರಲ್ಲಿ.

ಅಕೌಂಟ್ಸ್‌ನಲ್ಲಿ ನಾವು ವರ್ಷಕ್ಕಿಷ್ಟು ಅಂತ ಡಿಪ್ರಿಸಿಯೇಷನ್ ಹಾಕುತ್ತೇವೆ. ಮರ ಆ ಲೆಕ್ಕ ಓದಿಲ್ಲ. ಮುಂಬೈಯಲ್ಲಿ ಮಲಬಾರಿನ ಸಾಗವಾನಿಯಿಂದ ಕಟ್ಟಿ 1817ರಲ್ಲಿ ನೀರಿಗಿಳಿಸಿದ ಟ್ರಿಂಕೋಮಲೀ ಅನ್ನೋ ಯುದ್ಧನೌಕೆ ಇವತ್ತೂ ಇಂಗ್ಲೆಂಡಿನ ಹಾರ್ಟ್ಲ್‌ಪೂಲ್‌ನಲ್ಲಿ ಮ್ಯೂಸಿಯಂ ಆಗಿ ತೇಲುತ್ತಿದೆ. ವಯಸ್ಸು ಕೇಳ್ರಿ, ಆದರೆ ಅದಷ್ಟನ್ನೇ ಕೇಳಿ ಸುಮ್ಮನಾಗಬ್ಯಾಡ್ರಿ.

ಭಾಗ 5/10 · ಸಹಿ ಮೊದಲು, ಹಡಗು ಆಮೇಲೆ

ಈ ಭಾಗ ಬರೆಯುವಾಗ ನನಗೆ ಸಂಕಟ ಆಯ್ತು. ಪುಸ್ತಕ ಇತ್ತು, ಸರ್ವೇಯರ್ ಇದ್ದರು. ಆದರೂ 19ನೇ ಶತಮಾನದ ಇಂಗ್ಲೆಂಡಿನಲ್ಲಿ ‘ಶವಪೆಟ್ಟಿಗೆ ಹಡಗು’ ಅನ್ನೋ ಮಾತು ಹುಟ್ಟಿತು. ಹಳೇ ಲಡಕಾಸಿ ಹಡಗು, ಅದಕ್ಕೆ ಮಿತಿಮೀರಿ ಮಾಲು, ಮೇಲೆ ಜಾಸ್ತಿ ವಿಮೆ. ಮುಳುಗಿದರೂ ಮಾಲೀಕನಿಗೆ ನಷ್ಟವಿಲ್ಲ. ಮುಳುಗೋರು ನಾವಿಕರು.

ಆ ನಾವಿಕರ ಸ್ಥಿತಿ ಕೇಳ್ರಿ. ಮೊದಲು ಕರಾರಿಗೆ ಸಹಿ. ಆಮೇಲೆ ಹಡಗಿನ ಹತ್ತಿರ ಹೋಗಿ ನೋಡಿ, “ಇದು ಸಮುದ್ರಕ್ಕೆ ಹೋಗೋ ಹಡಗಲ್ಲ, ನಾ ಬರಲ್ಲ” ಅಂದರೆ ಜೈಲು. ಹಾಗೆ ಜೈಲಿಗೆ ಹೋದ ನಾವಿಕರು ಎಷ್ಟೋ ಜನ.

ಸ್ಯಾಮ್ಯುಯೆಲ್ ಪ್ಲಿಮ್‌ಸೋಲ್ ಅನ್ನೋ ಸಂಸದ ಇದರ ವಿರುದ್ಧ 1873ರಲ್ಲಿ ಪುಸ್ತಕ ಬರೆದ, ಸಂಸತ್ತಿನಲ್ಲಿ ಗಲಾಟೆ ಮಾಡಿದ. 1876ರಲ್ಲಿ ಕಾಯ್ದೆ ಬಂತು. ಹಡಗಿನ ಪಕ್ಕಕ್ಕೆ ಒಂದು ಗೆರೆ ಹಾಕಬೇಕು, ಆ ಗೆರೆ ಮುಳುಗುವಷ್ಟು ಮಾಲು ಹೇರಬಾರದು. ತಮಾಷೆ ನೋಡ್ರಿ, ಗೆರೆ ಎಲ್ಲಿ ಹಾಕಬೇಕು ಅನ್ನೋದನ್ನು ಮಾಲೀಕನಿಗೇ ಬಿಟ್ಟಿದ್ದರು! ಅದನ್ನು ಸರಿಪಡಿಸೋ ಕಾಯ್ದೆ ಬರೋಕೆ 1890 ಆಗಬೇಕಾಯ್ತು.

ಹಳೇ ಮಾಲಿನ ಎಲ್ಲಾ ವ್ಯವಹಾರಕ್ಕೂ ಇದರಲ್ಲಿ ಒಂದು ಪಾಠ ಇದೆ: ನೋಡೋದು ಸಹಿಗಿಂತ ಮೊದಲು ಆಗಬೇಕು. “ಟೋಕನ್ ಹಾಕ್ರಿ, ಆಮೇಲೆ ಬಂದು ನೋಡ್ರಿ” ಅಂತ ಯಾರಾದರೂ ಅಂದರೆ ಆ ನಾವಿಕರನ್ನು ನೆನಪು ಮಾಡಿಕೊಳ್ರಿ.

ಭಾಗ 6/10 · ಸಮುದ್ರ ಮನೆ ಅಂಗಳಕ್ಕೆ ಬಂತು

ಈಗ ಟ್ರೇಲರ್ ದೋಣಿಗೆ ಬರೋಣ. ಮರದ ದೋಣಿ ಅಂದರೆ ದಿನಾ ಸೇವೆ. ನಮ್ಮ ಕಾರವಾರ, ಹೊನ್ನಾವರ ಕಡೆ ಮರದ ದೋಣಿಗೆ ಮೀನೆಣ್ಣೆ ಬಳಿಯೋರು, ಸಂದಿಗಳಿಗೆ ಹತ್ತಿ ತುರುಕೋರು. ಮರ ಕೊರೆಯೋ ಹುಳ ಬೇರೆ ಇರುತ್ತದೆ. ಅಂಥ ದೋಣಿ ನೋಡೋ ರೀತಿ ಸರಳ, ಚಾಕುವಿನ ಮೊನೆ ಒತ್ತಿ ನೋಡೋದು. ಒಳಗೆ ಸರಕ್ಕನೆ ಹೋದರೆ ಮರ ಕೊಳೆತಿದೆ.

ಎರಡನೇ ಮಹಾಯುದ್ಧದ ಆಸುಪಾಸಿನಲ್ಲಿ ಗಾಜಿನ ನಾರು ಮತ್ತು ರಾಳ ಸೇರಿಸಿ ಅಚ್ಚಿನಲ್ಲಿ ದೋಣಿ ತೆಗೆಯೋದು ಶುರುವಾಯ್ತು, ಅದೇ ಫೈಬರ್. 1960ರ ದಶಕದ ಹೊತ್ತಿಗೆ ಅಮೆರಿಕದಲ್ಲಿ ಕಾರ್ಖಾನೆಯಿಂದ ಬಕೆಟ್ ಬಂದ ಹಾಗೆ ದೋಣಿ ಬರೋಕೆ ಹತ್ತಿದವು. ದೋಣಿ ಅಗ್ಗ ಆಯ್ತು, ಆದರೆ ಬಂದರಿನಲ್ಲಿ ಜಾಗದ ಬಾಡಿಗೆ ಅಗ್ಗ ಆಗಲಿಲ್ಲ. ಹಾಗಾದರೆ ಮನೆಗೇ ತಗೊಂಡು ಹೋದರೆ? ಅಲ್ಲಿಂದ ಟ್ರೇಲರ್ ದೋಣಿ.

ಇದರಲ್ಲಿ ಹೆಸರಾದದ್ದು ಫ್ರಾಂಕ್ ಬಟ್ಲರ್ ಅವರ ಕ್ಯಾಟಲಿನಾ 22. 1969ರ ಸುಮಾರಿಗೆ ಶುರುವಾಗಿ 15,000ಕ್ಕೂ ಹೆಚ್ಚು ದೋಣಿ ಆದವು. ಉದ್ದ ಸುಮಾರು ಆರೂವರೆ ಮೀಟರ್. ಅಗಲ ಎರಡೂವರೆ ಮೀಟರ್ ಒಳಗೆ, ಯಾಕಂದ್ರ ರಸ್ತೆಯಲ್ಲಿ ಹೋಗಬೇಕಲ್ಲ. ಹಾಯಿದೋಣಿ ಗಾಳಿಗೆ ಮಗುಚದ ಹಾಗೆ ಹಿಡಿಯೋ ಭಾರಕ್ಕೆ ಕೀಲ್ ಅಂತಾರೆ. ಇದರಲ್ಲಿ ಆ ಕಬ್ಬಿಣದ ಕೀಲ್ ಬಾಗಿಲಿನ ಹಾಗೆ ಒಂದು ಪಿನ್ನಿನ ಮೇಲೆ ತಿರುಗಿ, ಕೇಬಲ್ ಸುತ್ತಿದರೆ ಹೊಟ್ಟೆಯೊಳಗೆ ಮಡಚಿಕೊಳ್ಳುತ್ತದೆ. ಎರಡನೇ ಸ್ಲೈಡಿನ ಚಿತ್ರ ನಾನೇ ಬಿಡಿಸಿದ್ದು, ನಗಬ್ಯಾಡ್ರಿ.

ಆಗ ಕಟ್ಟಿದ ದೋಣಿಗಳಿಗೆ ಈಗ ಐವತ್ತು ವರ್ಷ. ಫೈಬರ್ ಮಣ್ಣಾಗಲ್ಲ. ಹಾಗಾಗಿ ಅವು ಕೈಯಿಂದ ಕೈಗೆ ಮಾರಾಟ ಆಗುತ್ತಲೇ ಇವೆ.

ಭಾಗ 7/10 · ಬಡಿದು ಕೇಳಿ ನೋಡ್ರಿ

ಅಂಥ ದೋಣಿ ನೋಡೋಕೆ ಹೋದಿರಿ ಅನ್ನಿ. ಮೊದಲ ಸಾಧನ ಕಿವಿ. ಸಣ್ಣ ಪ್ಲಾಸ್ಟಿಕ್ ಸುತ್ತಿಗೆಯಿಂದ ಒಡಲು, ಡೆಕ್ಕು ಎಲ್ಲಾ ಮೆಲ್ಲಗೆ ಬಡೀತಾ ಹೋಗಬೇಕು. ಟಣ್ ಅಂದರೆ ಗಟ್ಟಿ. ಧಪ್ ಅಂದರೆ ಒಳಗೆ ಪದರ ಬಿಟ್ಟಿದೆ ಅಥವಾ ನೀರು ಕುಡಿದಿದೆ. ಸಂತೆಯಲ್ಲಿ ಮಡಕೆ ಬಡಿದು ಕೇಳ್ತಾರಲ್ಲ, ಥೇಟ್ ಹಂಗ.

ಫೈಬರ್‌ಗೆ ಹುಳ ಹತ್ತಲ್ಲ, ಕೊಳೆಯಲ್ಲ, ಸರಿ. ಆದರೆ ಎಷ್ಟೋ ದೋಣಿಗಳ ಡೆಕ್ಕು ಸ್ಯಾಂಡ್‌ವಿಚ್ ಹಾಗೆ: ಮೇಲೆ ಕೆಳಗೆ ಫೈಬರ್, ನಡುವೆ ಬಾಲ್ಸಾ ಮರ ಅಥವಾ ಪ್ಲೈವುಡ್. ಕಂಬಿ, ಕೊಂಡಿ ಕೂರಿಸೋಕೆ ಕೊರೆದ ತೂತಿನಿಂದ ನೀರು ಒಳಗಿಳಿದು ನಡುವಿನ ಮರ ಕೊಳೆಯುತ್ತದೆ. ಮೇಲೆ ಪೇಂಟು ಹೊಳೀತಾ ಇರುತ್ತದೆ! ಡೆಕ್ಕಿನ ಮೇಲೆ ನಡೆದು ನೋಡ್ರಿ, ಮೆತ್ತಗೆ ಕುಗ್ಗಿದರೆ ಖರ್ಚು ದೊಡ್ಡದು.

ಒಡಲಿನ ಅಡಿಯಲ್ಲಿ ಗುಳ್ಳೆ ಇದೆಯಾ ನೋಡ್ರಿ. ವರ್ಷಗಟ್ಟಲೆ ನೀರಿನಲ್ಲಿದ್ದರೆ ಮೇಲ್ಪದರ ದಾಟಿ ನೀರು ಒಳಗೆ ಹೋಗಿ, ಅಲ್ಲಿನ ರಾಸಾಯನಿಕದ ಜೊತೆ ಸೇರಿ ಆಮ್ಲದಂಥ ದ್ರವ ಆಗುತ್ತದೆ. ಗುಳ್ಳೆ ಒಡೆದರೆ ವಿನಿಗರ್ ವಾಸನೆ. ಟ್ರೇಲರ್ ದೋಣಿ ಹೆಚ್ಚು ಕಾಲ ಒಣಗಿಯೇ ಇರೋದರಿಂದ ಈ ರೋಗ ಕಡಿಮೆ.

ಹೊಸ ಪೇಂಟು ಕಂಡರೆ ಖುಷಿಪಡಬ್ಯಾಡ್ರಿ, “ಯಾಕೆ ಹೊಡೆಸಿದ್ರಿ?” ಅಂತ ಕೇಳ್ರಿ. ರವಿವಾರ ಪೇಟೆಯ ಹಳಬರು ಚೀಲದ ಬಾಯಿ ಬಿಚ್ಚಿ ಮೇಲಿನ ಕಾಳು ನೋಡಲ್ಲ. ಚೀಲದ ಹೊಟ್ಟೆಗೆ ಕಬ್ಬಿಣದ ಕೊಳವೆ ಚುಚ್ಚಿ, ಒಳಗಿನ ಕಾಳು ಅಂಗೈಗೆ ಸುರುವಿಕೊಂಡು ನೋಡ್ತಾರೆ. ಬೆಲ್ಲದ ಪೆಂಟಿ ಒಡೆದು ನೋಡ್ತಾರೆ. ಕಣ್ಣಿಗೆ ಕಾಣೋದನ್ನು ಮಾರುವವನು ಹೆಂಗೂ ಚಂದ ಮಾಡಿರ್ತಾನೆ.

ಭಾಗ 8/10 · ಪಿನ್ನು, ತಂತಿ, ಬೇರಿಂಗು, ಕಾಗದ

ಕೀಲ್: ಸುಮಾರು 250 ಕೆಜಿ ಕಬ್ಬಿಣ ಒಂದೇ ಪಿನ್ನಿನ ಮೇಲೆ ನೇತಾಡುತ್ತದೆ. ಪಿನ್ನು ಸವೆದು ತೂತು ಅಗಲ ಆಗಿದೆಯಾ? ಕೇಬಲ್ಲಿಗೆ ತುಕ್ಕು ಹಿಡಿದಿದೆಯಾ? ಕಷ್ಟ ಏನಂದ್ರ, ದೋಣಿ ಟ್ರೇಲರ್ ಮೇಲೆ ಕೂತಿದ್ದಾಗ ಕೀಲ್ ಹೊಟ್ಟೆಯೊಳಗೆ ಅಡಗಿರುತ್ತದೆ. ಎತ್ತಿಸಿ ಇಳಿಸದೆ ಕಾಣಲ್ಲ. “ಎತ್ತೋದು ಬ್ಯಾಡ್ರಿ, ಸುಮ್ನೆ ಖರ್ಚು” ಅಂದರೆ ಅಲ್ಲೇ ಅನುಮಾನ.

ಹಾಯಿಕಂಬ ಹಿಡಿಯೋ ಸ್ಟೀಲ್ ತಂತಿ: ತುದಿಯ ಕೊಳವೆಗಳಲ್ಲಿ ಕೂದಲೆಳೆಯ ಬಿರುಕು, ಕಿತ್ತು ನಿಂತ ಒಂದು ಎಳೆ, ಇಷ್ಟು ಸಾಕು ಕಂಬ ಬೀಳೋಕೆ. ಬಟ್ಟೆ ಸುತ್ತಿದ ಕೈ ಆಡಿಸಿದರೆ ಕಿತ್ತ ಎಳೆ ಸಿಕ್ಕಿಕೊಳ್ಳುತ್ತದೆ. ತಂತಿ ಹಾಕಿ ಹತ್ತು ಹದಿನೈದು ವರ್ಷ ಆಗಿದ್ದರೆ ಬದಲಿಸೋ ಖರ್ಚು ಲೆಕ್ಕಕ್ಕೆ ಹಿಡೀರಿ.

ಹಾಯಿ: ಬಿಸಿಲಿಗೆ ಬಟ್ಟೆಗಿಂತ ಮೊದಲು ಹೊಲಿಗೆ ಸಾಯುತ್ತದೆ. ಉಗುರಿನಿಂದ ಕೆರೆದು ನೋಡ್ರಿ.

ಟ್ರೇಲರ್: ಎಲ್ಲರೂ ದೋಣಿ ನೋಡಿ ಟ್ರೇಲರ್ ಬಿಡ್ತಾರೆ. ದೂರದಿಂದ ಎಳೆದು ತಂದಾಗ ಚಕ್ರದ ಬೇರಿಂಗು ಬಿಸಿಯಾಗಿರುತ್ತದೆ. ಹಾಗೇ ನೀರಿಗಿಳಿಸಿದರೆ ಒಳಗಿನ ಗಾಳಿ ಫಕ್ಕನೆ ತಣ್ಣಗಾಗಿ ಕುಗ್ಗಿ, ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಉಪ್ಪುನೀರಾದರೆ ತುಕ್ಕು ಗ್ಯಾರಂಟಿ. ಜ್ಯಾಕ್ ಹಾಕಿ ಚಕ್ರ ತಿರುಗಿಸ್ರಿ, ಗರಗರ ಅಂದರೆ ಬೇರಿಂಗು ಹೋಗಿದೆ. ದೋಣಿ ಸಮುದ್ರದಲ್ಲಿ ಕೈಕೊಡೋಕೂ ಮೊದಲು ಹೆದ್ದಾರಿಯಲ್ಲಿ ಕೈಕೊಡಬಹುದು.

ಕಾಗದ: ಅಮೆರಿಕದಲ್ಲಿ 1972ರ ನವೆಂಬರ್ 1ರಿಂದ ಪ್ರತಿ ದೋಣಿಯ ಒಡಲಿಗೂ ಒಂದು ನಂಬರ್ ಕಡ್ಡಾಯ ಆಯ್ತು, ಚಾಸಿ ನಂಬರಿನ ಹಾಗೆ. ಕಾಗದದ ನಂಬರೂ ಮೈಮೇಲಿನ ನಂಬರೂ ಒಂದೇ ಇರಬೇಕು. ನಮ್ಮ ಬೈಕಿಗಾದರೆ ಆರ್‌ಸಿ, ಫಾರ್ಮ್ 29 ಮತ್ತು 30, ಸಾಲ ಇದ್ದಿದ್ದರೆ ಅದು ತೀರಿದ್ದಕ್ಕೆ ಫಾರ್ಮ್ 35.

ಕೊನೆಗೆ ನೀರಿಗಿಳಿಸಿ, ಗಾಳಿಯಲ್ಲಿ ಓಡಿಸಿ ನೋಡಲೇಬೇಕು. ಈ ಯಾವುದನ್ನೂ ಅಂಗಳದಲ್ಲಿ ನಿಂತು ಮುಗಿಸೋಕಾಗಲ್ಲ.

ಭಾಗ 9/10 · ತೃಷ್ಣಾ, ಮತ್ತೆ ನಮ್ಮ ಮಹದಾಯಿ

ಭಾರತೀಯರು ಹಾಯಿದೋಣಿಯಲ್ಲಿ ಮೊದಲ ಸಲ ಭೂಮಿ ಸುತ್ತಿದ್ದು ಸೆಕೆಂಡ್ ಹ್ಯಾಂಡ್ ದೋಣಿಯಲ್ಲಿ!

ಸೇನೆಯ ಎಂಜಿನಿಯರ್ ದಳದ ಅಧಿಕಾರಿಗಳು ಇಂಗ್ಲೆಂಡಿನಲ್ಲಿ ಒಂದು ಹಳೇ ಸ್ವಾನ್ 37 ಕೊಂಡರು. ಫಿನ್ಲೆಂಡಿನಲ್ಲಿ ಕಟ್ಟಿದ ಫೈಬರ್ ದೋಣಿ, 37 ಅಡಿ, ಆಗಲೇ ಹತ್ತು ವರ್ಷ ಮೀರಿತ್ತು. ‘ತೃಷ್ಣಾ’ ಅಂತ ಹೆಸರಿಟ್ಟು ಮುಂಬೈವರೆಗೆ ಸಮುದ್ರದಲ್ಲೇ ನಡೆಸಿಕೊಂಡು ಬಂದರು. ಟ್ರಯಲ್ ಅಂದರೆ ಇದು ನೋಡ್ರಿ! 1985ರ ಸೆಪ್ಟೆಂಬರ್ 28ಕ್ಕೆ ಮುಂಬೈ ಬಿಟ್ಟು 1987ರ ಜನವರಿ 10ಕ್ಕೆ ವಾಪಸ್, ಸುಮಾರು 30,000 ನಾಟಿಕಲ್ ಮೈಲಿ. ಬೆಂಗಳೂರಿನ ಹಲಸೂರು ಕೆರೆಯಲ್ಲಿ ಮದ್ರಾಸ್ ಸ್ಯಾಪರ್ಸ್‌ನವರ ಹಾಯಿ ಕ್ಲಬ್ಬಿಗೆ ಇದೇ ತೃಷ್ಣಾ ಹೆಸರು.

ಈಗ ಖಾನಾಪುರ. ತಾಲೂಕಿನ ದೇಗಾಂವ ಹತ್ತಿರ ಕಾಡಿನಲ್ಲಿ ಹುಟ್ಟೋ ಮಹದಾಯಿ ಘಟ್ಟ ಇಳಿದು ಗೋವಾದಲ್ಲಿ ಮಾಂಡೋವಿ ಆಗುತ್ತಾಳೆ. ಆ ನದಿಯ ದಿವಾರ್ ದ್ವೀಪದಲ್ಲಿ ರತ್ನಾಕರ ದಾಂಡೇಕರ್ ಅವರ ಯಾರ್ಡಿನಲ್ಲಿ ನೌಕಾಪಡೆಗಾಗಿ ಕಟ್ಟಿದ ದೋಣಿಗೆ ‘ಮ್ಹಾದೇಯಿ’ ಅಂತ ಹೆಸರಾಯ್ತು. ನಮ್ಮ ಹೊಳೆಯದೇ ಹೆಸರು. ಅದರಲ್ಲಿ 2009–10ರಲ್ಲಿ ದಿಲೀಪ್ ದೋಂಡೆ ಒಬ್ಬರೇ ಜಗತ್ತು ಸುತ್ತಿದ ಮೊದಲ ಭಾರತೀಯ ಆದರು. 2012–13ರಲ್ಲಿ ಅದೇ ದೋಣಿಯಲ್ಲಿ ಅಭಿಲಾಷ್ ಟಾಮಿ ಎಲ್ಲೂ ನಿಲ್ಲದೆ ಸುತ್ತಿದರು.

2018ರಲ್ಲಿ ಟಾಮಿ ಗೋಲ್ಡನ್ ಗ್ಲೋಬ್ ರೇಸಿನಲ್ಲಿ ಬಿರುಗಾಳಿಗೆ ಸಿಕ್ಕರು. ದೋಣಿ ಉರುಳಿ ಕಂಬ ಮುರಿಯಿತು, ಬೆನ್ನುಮೂಳೆಗೆ ಪೆಟ್ಟು. ಫ್ರಾನ್ಸಿನ ಹಡಗು ಬಂದು ರಕ್ಷಿಸಿತು. 2022ರಲ್ಲಿ ಅದೇ ರೇಸಿಗೆ ಮತ್ತೆ ಹೋದರು, ಈ ಸಲ ಬಳಸಿದ ರಸ್ಲರ್ 36 ದೋಣಿಯಲ್ಲಿ. ಆ ರೇಸಿನ ನಿಯಮವೇ ಹಾಗೆ, 1988ಕ್ಕಿಂತ ಹಿಂದಿನ ವಿನ್ಯಾಸದ ದೋಣಿಯೇ ಆಗಬೇಕು. 2023ರ ಏಪ್ರಿಲ್‌ನಲ್ಲಿ ಎರಡನೆಯವರಾಗಿ ಮುಟ್ಟಿದರು. ಹಳೇದು ಅಂದರೆ ಕೆಟ್ಟದ್ದಲ್ಲ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ಭಾಗ 10/10 · ಸೆಕ್ಷನ್ 16

ಈಗ ಪರೀಕ್ಷೆಗೂ ಬದುಕಿಗೂ ಎರಡಕ್ಕೂ ಬೇಕಾಗೋ ಮಾತು. 1930ರ ಸರಕು ಮಾರಾಟ ಕಾಯ್ದೆ, ಸೆಕ್ಷನ್ 16. ಮೂಲ ನಿಯಮ ಇವತ್ತಿಗೂ ಕೇವಿಯಟ್ ಎಂಪ್ಟರ್. ವಿನಾಯಿತಿಗಳಿವೆ. ನೀವು ಇಂಥ ಕೆಲಸಕ್ಕೆ ಬೇಕು ಅಂತ ತಿಳಿಸಿ, ಮಾರುವವನ ಪರಿಣತಿಯನ್ನೇ ನಂಬಿದ್ದರೆ, ಮತ್ತು ಅಂಥ ಸರಕು ಕೊಡೋದು ಅವನ ದಂಧೆಯಾಗಿದ್ದರೆ, ಅದು ಆ ಕೆಲಸಕ್ಕೆ ತಕ್ಕುದಾಗಿರಬೇಕು. ಅಂಥ ಸರಕಿನ ವ್ಯಾಪಾರಿಯಿಂದ ವಿವರಣೆ ನಂಬಿ ಕೊಂಡಿದ್ದರೆ ಮಾಲು ಮಾರಾಟಕ್ಕೆ ಯೋಗ್ಯ ಗುಣಮಟ್ಟದ್ದಿರಬೇಕು.

ಎರಡು ಕಡೆ ನಾವು ಜಾರುತ್ತೇವೆ. ಒಂದು, ಮಾರುವವನು ವ್ಯಾಪಾರಿ ಅಲ್ಲ, ನಮ್ಮ ಹಾಗೇ ಒಬ್ಬ ಹುಡುಗ, ತನ್ನ ಒಂದು ಬೈಕು ಮಾರ್ತಿದ್ದಾನೆ. ಆಗ ಈ ವಿನಾಯಿತಿ ಸಿಗೋದು ಕಷ್ಟ. ಎರಡು, ನೀವು ಮಾಲನ್ನು ಪರೀಕ್ಷಿಸಿದ್ದರೆ, ಆ ಪರೀಕ್ಷೆಯಲ್ಲಿ ಕಾಣಬೇಕಿದ್ದ ದೋಷಕ್ಕೆ ಗುಣಮಟ್ಟದ ರಕ್ಷಣೆ ಇಲ್ಲ. ಅಂದರೆ ಅರ್ಧಂಬರ್ಧ ನೋಡೋದು ನೋಡದೇ ಇರೋದಕ್ಕಿಂತ ಕೆಟ್ಟದ್ದು ಆಗಬಹುದು! ನೋಡಿದಿರಿ ಅಂತ ಲೆಕ್ಕ, ಆದರೆ ಕಂಡಿಲ್ಲ.

ಹಾಗಂತ ಹೊಣೆ ಎಲ್ಲಾ ಕೊಳ್ಳೋನ ತಲೆಗೆ ಕಟ್ಟೋದು ನ್ಯಾಯ ಅಂತ ನನಗನಿಸಲ್ಲ. ಕೌಟಿಲ್ಯ ಅಧಿಕಾರಿಗೆ ಕಟ್ಟಿದ, ಪ್ಲಿಮ್‌ಸೋಲ್ ಮಾಲೀಕನಿಗೆ ಕಟ್ಟಿಸಿದ. ನಮ್ಮಲ್ಲಿ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ವ್ಯಾಪಾರಿಗಳಿಗೆ ಕಟ್ಟುತ್ತದೆ. ಒಳನಾಡಿನ ನೀರಿನಲ್ಲಿ ಓಡೋ ಹಡಗುಗಳಿಗೆ ಸರ್ವೆ ಸರ್ಟಿಫಿಕೇಟ್ ಬೇಕು ಅನ್ನೋ ನಿಯಮ 1917ರ ಕಾಯ್ದೆಯಿಂದ ಬಂದು 2021ರ ಹೊಸ ಕಾಯ್ದೆಯಲ್ಲೂ ಉಳಿದಿದೆ. ಇಷ್ಟೆಲ್ಲ ಇದ್ದರೂ ಇಬ್ಬರು ಹುಡುಗರ ನಡುವಿನ ವ್ಯವಹಾರಕ್ಕೆ ಕಾಫಿ ಅಂಗಡಿಯ ಪುಸ್ತಕ ಇಲ್ಲ. ಅಲ್ಲಿ ನಾವೇ ಸರ್ವೇಯರು.

ಅದಕ್ಕೇ ಇಷ್ಟು ಮಾಡ್ರಿ: ಹಗಲು ಬೆಳಕಿನಲ್ಲಿ ನೋಡ್ರಿ. ಕೆಲಸ ಬಲ್ಲ ಒಬ್ಬರನ್ನು ಕರೆದುಕೊಂಡು ಹೋಗ್ರಿ, ಅವರ ಕೂಲಿ ಕೊಡ್ರಿ. ಮಾರುವವನು ಹೇಳಿದ್ದನ್ನು ಮೆಸೇಜಿನಲ್ಲಿ ಬರೆಸಿಕೊಳ್ರಿ, ಲೋಪಸ್ ಮಾಡದೇ ಇದ್ದದ್ದು ಅದನ್ನೇ. ಓಡಿಸಿ ನೋಡದೆ ದುಡ್ಡು ಕೊಡಬ್ಯಾಡ್ರಿ. ರಿಪೇರಿ ಖರ್ಚು ಸೇರಿಸಿ ಬೆಲೆ ಕಟ್ರಿ. ಆಗಲ್ಲ ಅನಿಸಿದರೆ ಎದ್ದು ಬರ್ರಿ, ನಾಚಿಕೆ ಬ್ಯಾಡ.

ನೀವು ಈ ವರ್ಷ ಹಳೇದು ಏನು ತಗೊಳ್ಳೋ ಪ್ಲಾನ್ ಮಾಡಿದ್ದೀರಿ? ಕಮೆಂಟಿನಲ್ಲಿ ಬರೀರಿ. ಅದನ್ನು ನೋಡೋದು ಹೆಂಗ ಅಂತ ಬಲ್ಲವರು ಯಾರಾದರೂ ನಮ್ಮ ಕ್ಲಾಸಿನಲ್ಲೇ ಇರ್ತಾರೆ.

#ಹಳೇಮಾಲು #ರವಿವಾರಪೇಟೆ #ಬೆಳಗಾವಿ #ಖಾನಾಪುರ #ಮಹದಾಯಿ #ಬಿಕಾಂ #ಇತಿಹಾಸ